ಗುಡ್ಡಪ್ಪನ ವಾಚು, ನನ್ನ ಬಲಗೈ

ನವೆಂಬರ್ 3, ಸೋಮವಾರ

ಮೊದಲು ವಿವರಗಳು. ಕಾಲುವೆ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗೇಜ್ ರೀಡರ್ ಆಗಿ ನೀರಿನ ಮಟ್ಟ ನೋಡಿ ಬರೆದವನು ನಾನು. ಮುಂದಿನ ಪಾಳಿಯವನು ಓದಿದರೆ ತಿಳಿಯುವಂತೆ ಬರೆಯಬೇಕು ಎಂಬುದು ಕೈಗೆ ಹತ್ತಿದ ರೂಢಿ. ಈಗ ಮುಂದಿನ ಪಾಳಿಯವನು ಯಾರೂ ಇಲ್ಲ. ಆದರೂ ಇರಲಿ. ಹೆಸರು ಅಂದಾನಪ್ಪ. ವಯಸ್ಸು ಅರವತ್ತೇಳು. ವಾಸ ಚಿತ್ತವಾಡ್ಗಿ. ಹೆಂಡತಿ ಪಂಪಮ್ಮ ಶಿವೈಕ್ಯಳಾಗಿ ಹನ್ನೊಂದು ತಿಂಗಳು. ವಿದ್ಯಾಭ್ಯಾಸ ಬಿ.ಎ., ಇಂಗ್ಲಿಷೊಂದು ಬಿಟ್ಟು ಉಳಿದೆಲ್ಲ ಪಾಸು. ಬರೆಯುತ್ತಿರುವುದು ರಿಟೈರಾಗುವಾಗ ಆಫೀಸಿನಿಂದ ತಂದ ಖಾಲಿ ಗೇಜ್ ರಿಜಿಸ್ಟರಿನಲ್ಲಿ. ತಂದದ್ದು ತಪ್ಪು. ಐ ಬೆಗ್ ಟು ಬಿ ಎಕ್ಸ್‌ಕ್ಯೂಸ್ಡ್.

ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಬಿಳಿ ಕಾರು ನಿಂತಿತು. ಸಂಡೂರಿನ ಗುಡ್ಡಪ್ಪ. ನನ್ನ ಷಡ್ಡಕ, ಅವನ ಹೆಂಡತಿ ಗಂಗಾಂಬಿಕಾ ನನ್ನ ಪಂಪಮ್ಮನ ತಂಗಿ. ಅದಿರಿನ ಲಾರಿ ಓಡಿಸಿ ದೊಡ್ಡವನಾದವನು. ಯಾವಾಗಲೂ ಕಾರಿನಿಂದ ಇಳಿಯುವುದಿಲ್ಲ, ಹಾರ್ನ್ ಹೊಡೆಯುತ್ತಾನೆ, ನಾನೇ ಹೊರಗೆ ಹೋಗಿ ಕಿಟಕಿಯಲ್ಲಿ ಬಗ್ಗಿ ಮಾತಾಡಬೇಕು. ಇವತ್ತು ಇಳಿದ. ಒಳಗೆ ಬಂದು ಮಂಚದ ಮೇಲೆ ಕುಳಿತ. ಮುಖ ಸುಣ್ಣ ಬಳಿದ ಹಾಗಿತ್ತು.

"ಅಂದಾನಣ್ಣ, ಎದಿ ಕೊಯ್ಸಾಕ ಹುಬ್ಬಳ್ಳಿಗೆ ಹೊಂಟೀನಿ. ಸಕ್ಕರಿ ಇಳಿಯೋತನಕ ಅಲ್ಲೇ ಇಟ್ಕೊಂತಾರಂತ."

ಹಾಗೆಂದವನು ಕೈಯಲ್ಲಿದ್ದ ವಾಚು ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಕೈ ಒಂದು ಗೇಣು ಕೆಳಗೆ ಹೋಯಿತು. ತಕ್ಕಡಿ ಬಟ್ಟಿನಷ್ಟು ತೂಕ.

"ಇದು ನಿಲ್ಲಬಾರದು," ಅಂದ.

ಬ್ಯಾಟರಿ ಹಾಕಿಸು ಅಂದೆ. ಬ್ಯಾಟರಿ ಇಲ್ಲವಂತೆ. ಕೈ ಆಡಿದರೆ ಆಡುತ್ತದಂತೆ, ಎರಡು ದಿನ ಕೈ ಆಡದಿದ್ದರೆ ನಿಂತೇ ಬಿಡುತ್ತದಂತೆ. ಬೆಲೆ ಕೇಳಿದೆ. ಎಂಟು ಲಕ್ಷ, ದುಬೈ. ನನ್ನ ಗೋಡೆ ಗಡಿಯಾರ ಒಂದೇ ಸೆಲ್ಲಿನ ಮೇಲೆ ವರ್ಷ ನಡೆಯುತ್ತದೆ, ನಾನು ಅದಕ್ಕೆ ಕೈ ಆಡಿಸಿದ್ದೇ ಇಲ್ಲ ಎಂದು ತೋರಿಸಿದೆ. ಗುಡ್ಡಪ್ಪ ನಗಲಿಲ್ಲ.

"ಎರಡು ಸಲ ನಿಂತೈತಿ ಇದು. ಮೊದಲ್ನೇ ಸಲ ನಿಂತಾಗ ನಮ್ಮ ಲಾರಿ ಬಂಡ್ರಿ ಹತ್ರ ಮಗುಚಿತು. ಎರಡ್ನೇ ಸಲ ನಿಂತ ದಿವ್ಸ ನನ್ನ ಎದಿ ಹಿಡೀತು. ಮೂರ್ನೇ ಸಲ ನಿಂತ್ರ ನಾ ಇರಂಗಿಲ್ಲ."

"ಸೂಪರ್‌ಸ್ಟಿಷನ್," ಅಂದೆ.

"ಏನರ ಅನ್ನು. ನಿಲ್ಲಬಾರದು. ತಿರುಗಸೋ ಮಷಿನ್ ಸಿಗತೈತಂತ, ಮಷಿನ್‌ಗೆ ಜೀವ ಐತೇನು? ಮನ್ಷಾನ ಕೈನ ಬೇಕು. ಮಗನ ಕೈಗೆ ಕೊಟ್ರ ವಾಚ್ ತಿರುಗಿ ಬರಂಗಿಲ್ಲ. ಡ್ರೈವರ್ ಕೈಗೆ ಕೊಟ್ರ ಡ್ರೈವರೂ ತಿರುಗಿ ಬರಂಗಿಲ್ಲ. ನೀ ಆದ್ರ ಎಲ್ಲೂ ಹೋಗಂಗಿಲ್ಲ."

"ಎಲ್ಲೂ ಹೋಗದಾಂವನ ಕೈ ಹೆಂಗ ಆಡತೈತಿ?"

ಇದನ್ನು ಅವನು ಯೋಚಿಸಿರಲಿಲ್ಲ. ಬಹಳ ಹೊತ್ತು ನನ್ನನ್ನು, ನನ್ನ ಕುರ್ಚಿಯನ್ನು, ಕುರ್ಚಿಯಲ್ಲಿ ಬಿದ್ದ ಕುಳಿಯನ್ನು ನೋಡಿದ.

"ಹೋಗಬೇಕು ಮತ್ತ," ಅಂದ.

ಹೊರಡುವಾಗ, ವಾಚಿನ ಪಕ್ಕದಲ್ಲಿರುವ ತಿರುಪನ್ನು ಮುಟ್ಟಬಾರದು, ಮುಟ್ಟಿದರೆ ನೀರು ಒಳಗೆ ಹೋಗುತ್ತದೆ ಎಂದು ಮೂರು ಸಲ ಹೇಳಿದ. ಕಾರು ಹತ್ತುವಾಗ ವಾಚಿಲ್ಲದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಅಂಥವನು ಹೆದರಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ನವೆಂಬರ್ 4, ಮಂಗಳವಾರ

ಪೂಜೆಗೆ ಕುಳಿತೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಕೆಳಗೆ ಮಣಿಕಟ್ಟಿನಲ್ಲಿ ಗುಡ್ಡಪ್ಪನ ಎಂಟು ಲಕ್ಷ. ದೃಷ್ಟಿ ಲಿಂಗದ ಮೇಲೆ ನಿಲ್ಲಬೇಕು. ಅದು ಜಾರಿ ಜಾರಿ ಕೆಳಗೆ ಹೋಗುತ್ತದೆ. ಶಿವಶಿವಾ ಎಂದು ವಾಚನ್ನು ಬಲಗೈಗೆ ಬದಲಿಸಿದೆ. ಇನ್ನು ಮೇಲೆ ಬಲಗೈಯೇ.

ವಿಭೂತಿ ಹಚ್ಚಿಕೊಳ್ಳುವಾಗ ಅದಕ್ಕೂ ಸ್ವಲ್ಪ ಹತ್ತಿತು. ಗಾಜಿನ ಸುತ್ತ ಒಂದು ಹಲ್ಲಿನ ಬಳೆಯಿದೆ, ಆ ಹಲ್ಲುಗಳಲ್ಲಿ ಕೂತಿದೆ. ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಒಂದು ಕೆಲಸವಾಯಿತು.

ಅನಗತ್ಯ ತೂಕ. ದೊಡ್ಡಸ್ತಿಕೆಯ ವಸ್ತು. ಐ ಡು ನಾಟ್ ಅಪ್ರೂವ್.

ನವೆಂಬರ್ 6, ಗುರುವಾರ

ಕೈ ಆಡಿಸಬೇಕೆಂದರೆ ನಾನೇ ಆಡಿಸಬೇಕೆಂದು ಎಲ್ಲಿ ಬರೆದಿದೆ? ನಮ್ಮ ಟೇಬಲ್ ಫ್ಯಾನು ಅತ್ತಿಂದಿತ್ತ ತಲೆಯಾಡಿಸುತ್ತದೆ. ಅದರ ಕತ್ತಿಗೆ ವಾಚು ಕಟ್ಟಿ ಕುರ್ಚಿಯಲ್ಲಿ ಕುಳಿತೆ. ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಫ್ಯಾನು ಒಂದೇ ಕಡೆ ಕತ್ತು ವಾಲಿಸಿ ಮುಖ ಅಡಿಯಾಗಿ ಬಿತ್ತು. ವಾಚಿಗೆ ಏನೂ ಆಗಲಿಲ್ಲ. ಫ್ಯಾನು ಹೋಯಿತು.

ಪಕ್ಕದ ಮನೆಯ ಉಚ್ಚೆಂಗಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ತೊಟ್ಟಿಲು ದಿನವಿಡೀ ತೂಗುತ್ತದೆ. ಉಚ್ಚೆಂಗಮ್ಮ ಓಣಿಯ ತುದಿಯಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ಅಂಗಡಿ ಇಟ್ಟವಳು; ಹನ್ನೊಂದು ತಿಂಗಳಿಂದ ನನ್ನ ಎರಡು ಹೊತ್ತಿನ ಊಟ ಅಲ್ಲಿಯದೇ. ಆ ಸಲಿಗೆಯಿಂದ ಹೋಗಿ ತೊಟ್ಟಿಲ ಹಗ್ಗಕ್ಕೆ ವಾಚು ಕಟ್ಟಿ ಬಂದೆ. ಅರ್ಧ ಗಂಟೆಯಲ್ಲಿ ಉಚ್ಚೆಂಗಮ್ಮ ವಾಚು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಮಾವಾರ ಇದು? ಕೂಸು ನೆಕ್ಕಾಕತ್ತೈತಿ."

ವಿಷಯ ಹೇಳಿದೆ.

"ಅಲ್ರೀ, ಒಬ್ಬ ಮನ್ಷಾನ ಜೀವ ಇದರಾಗ ಐತಂತೀರಿ, ಒಂದ್ ರೌಂಡ್ ನಡದು ಬಂದ್ರ ನಿಮ್ಮ ಜೀವ ಹೊಕ್ಕತೇನು?"

ಹೆಂಗಸರಿಗೆ ಲಾಜಿಕ್ ಇಲ್ಲ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಯಾರೆಂದು ನೆನಪಿಲ್ಲ. ತಪ್ಪು ಹೇಳಿದ್ದಾರೆ.

ನವೆಂಬರ್ 10, ಸೋಮವಾರ

ಇವತ್ತಿನದು ಉದ್ದ.

ವಾಚಿನ ಮುಖದ ಮೇಲೆ ಮುನ್ನೂರು ಮೀಟರ್ ಎಂದು ಬರೆದಿದೆ. ಅಷ್ಟು ಆಳದ ನೀರಿಗೆ ಇಳಿದರೂ ಏನೂ ಆಗುವುದಿಲ್ಲವಂತೆ, ಮುಳುಗುಗಾರರ ವಾಚು. ನಮ್ಮ ಡ್ಯಾಂ ತುಂಬಿ ತುಳುಕಿದರೂ ಅಷ್ಟು ಆಳವಿಲ್ಲ. ಇನ್ನು ಗುಡ್ಡಪ್ಪನೋ, ತಲೆಗೆ ನೀರು ಹಾಕಿಕೊಳ್ಳುವಾಗ ಬಕೆಟ್ಟಿನ ಮುಂದೆ ಕಣ್ಣು ಮುಚ್ಚುವವನು. ಮೂವತ್ತನಾಲ್ಕು ವರ್ಷ ನೀರು ಅಳೆದ ನನಗೂ ಈಜು ಬಾರದು. ಹೀಗಿರುವಾಗ ಯಾರ ಮಾತನ್ನಾದರೂ ಪರೀಕ್ಷೆ ಮಾಡದೆ ನಂಬುವುದು ಗೇಜ್ ರೀಡರನ ಲಕ್ಷಣವಲ್ಲ.

ಟಿ.ಬಿ. ಡ್ಯಾಂ ಕಡೆ ಕಾಲುವೆಯ ದಂಡೆಗೆ ನಡೆದೇ ಹೋದೆ. ನಾನು ನಿಂತು ಮಟ್ಟ ನೋಡುತ್ತಿದ್ದ ಮೆಟ್ಟಿಲು ಹಾಗೇ ಇದೆ. ಕೊನೆಯ ಮೆಟ್ಟಿಲಲ್ಲಿ ಕುಳಿತು ಬಲಗೈಯನ್ನು ಮೊಣಕೈ ತನಕ ನೀರಿಗೆ ಬಿಟ್ಟೆ. ನೀರೊಳಗೆ ಅದರ ನೀಲಿ ಮುಖ ಇನ್ನೂ ದೊಡ್ಡದಾಗಿ ಕಂಡಿತು. ಸೆಕೆಂಡ್ ಮುಳ್ಳು ನೀರಿನ ಜೊತೆಗೇ ಹೋಗುತ್ತಿದೆಯೋ ಎಂಬಂತಿತ್ತು. ನೋಡುತ್ತಾ ಕುಳಿತೆ. ಎಷ್ಟು ಹೊತ್ತೋ. ವಾಚು ಕೈಯಲ್ಲೇ ಇದ್ದರೂ ಹೊತ್ತು ನೋಡಲಿಲ್ಲ.

ಹಿಂದಿನಿಂದ ಯಾರೋ ನನ್ನ ಸೊಂಟಕ್ಕೆ ಬಿದ್ದರು.

"ಹಿರಿಯಾರ, ಬ್ಯಾಡ್ರೀ! ಮಕ್ಕಳ ಮುಖ ನೋಡ್ರೀ!"

ಇಬ್ಬರು ಬೈಕಿನವರು. ಒಬ್ಬ ಸೊಂಟ ಹಿಡಿದಿದ್ದ, ಇನ್ನೊಬ್ಬ ಭುಜ. ನಾನು ವಾಚು ನೋಡುತ್ತಿದ್ದೇನಪ್ಪಾ ಅಂದೆ. ಅದೇ ತಪ್ಪಾಯಿತು.

"ಟೈಮ್ ನೋಡ್ಕೊಂಡು ಹಾರಾಂವ ಅದಾನ," ಅಂದ ಭುಜದವನು. "ಗಟ್ಟಿ ಹಿಡೀಲೇ."

ನನ್ನನ್ನು ಇಬ್ಬರ ನಡುವೆ ಬೈಕಿನ ಮೇಲೆ ಕೂರಿಸಿಕೊಂಡು ಚಿತ್ತವಾಡ್ಗಿಗೆ ತಂದರು. ದಾರಿಯುದ್ದಕ್ಕೂ ಹಿಂದಿನವನು ಜೀವನ ಎಷ್ಟು ದೊಡ್ಡದು ಎಂದು ಕಿವಿಯಲ್ಲಿ ಹೇಳಿದ. ಇಪ್ಪತ್ತೈದು ವರ್ಷದವನು. ಓಣಿಯ ಬಾಯಲ್ಲಿ ಇಳಿಸಿ ಉಚ್ಚೆಂಗಮ್ಮನ ಅಂಗಡಿ ಮುಂದೆ ಎಲ್ಲರಿಗೂ ಕೇಳುವಂತೆ, "ಅಜ್ಜಾರ ಮ್ಯಾಲೆ ಒಂದ್ ಕಣ್ಣಿಡ್ರಿ," ಎಂದು ಹೇಳಿ ಹೋದರು.

ವಾಚಿಗೆ ನೀರು ಹೋಗಿಲ್ಲ. ಒಂದು ಹನಿಯೂ. ಮನುಷ್ಯರು ಹೇಳಿದಷ್ಟು ನಡೆಯುವುದಿಲ್ಲ, ಇದು ನಡೆದಿದೆ.

ನವೆಂಬರ್ 11, ಮಂಗಳವಾರ

ಕಂಪ್ಲಿಯಿಂದ ಮಗಳು ಸುನಿತಾಳ ಫೋನು. ಕಾಲುವೆಯ ಸುದ್ದಿ ಅಲ್ಲಿಗೂ ಮುಟ್ಟಿದೆ. ಬರೀ ಅಳು. ಗಡಿಯಾರದ ವಿಷಯ ಹೇಳಿದೆ. ಅಳು ಜಾಸ್ತಿಯಾಯಿತು.

ನವೆಂಬರ್ 14, ಶುಕ್ರವಾರ

ಉಚ್ಚೆಂಗಮ್ಮ ನಾಲ್ಕು ದಿನದಿಂದ ಸಕ್ಕರೆ ಕೇಳಲು, ಸಕ್ಕರೆ ಕೊಡಲು, ಬೆಕ್ಕು ಬಂತಾ ಎಂದು ನೋಡಲು ಬರುತ್ತಿದ್ದಾಳೆ. ಅವಳ ಮನೆಯಲ್ಲಿ ಬೆಕ್ಕಿಲ್ಲ. ಈ ಪಹರೆ ತಪ್ಪಿಸಿಕೊಳ್ಳಲು ಬೆಳಿಗ್ಗೆ ಅನಂತಶಯನಗುಡಿ ತನಕ ನಡೆದು ಬಂದೆ. ಸಂಜೆ ಮತ್ತೊಮ್ಮೆ. ವಾಚಿಗೂ ಆಯಿತು.

ರೇಡಿಯೋ ವಾರ್ತೆಯ ಟೈಮಿಗೆ ಹಿಡಿದು ನೋಡುತ್ತಿದ್ದೇನೆ. ದಿನಕ್ಕೆ ಎರಡೇ ಸೆಕೆಂಡು ಮುಂದೆ. ರಿಜಿಸ್ಟರಿನ ಮಟ್ಟದ ಕಾಲಮ್ಮಿನಲ್ಲಿ ಅದನ್ನೇ ಬರೆಯುತ್ತಿದ್ದೇನೆ. ಉಳಿದ ಗಡಿಯಾರಗಳ ಸೆಕೆಂಡ್ ಮುಳ್ಳು ಕುಂಟುತ್ತಾ ಹೆಜ್ಜೆ ಇಡುತ್ತದೆ. ಇದರದು ಹರಿಯುತ್ತದೆ. ಒಂದು ಕ್ಯೂಸೆಕ್ಕೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಸಮ. ಇದನ್ನು ಮಾಡಿದವನು ಯಾವನೋ ಕಾಲುವೆ ದಂಡೆಯಲ್ಲಿ ಹುಟ್ಟಿದವನೇ ಇರಬೇಕು.

ಗುಡ್ಡಪ್ಪನ ಫೋನು ದಿನಾ ಬೆಳಿಗ್ಗೆ ಏಳಕ್ಕೆ. "ನಡೀತೈತೇನೋ ಅಣ್ಣ?" "ನಡೀತೈತಿ." ಇಷ್ಟೇ. ಇಟ್ಟು ಬಿಡುತ್ತಾನೆ. ಸಕ್ಕರೆ ಇನ್ನೂ ಇಳಿದಿಲ್ಲ.

ನವೆಂಬರ್ 17, ಸೋಮವಾರ

ಹಲ್ಲಿನ ಬಳೆಯ ಉಪಯೋಗ ಗೊತ್ತಾಯಿತು! ಅದು ತಿರುಗುತ್ತದೆ, ಒಂದೇ ದಿಕ್ಕಿಗೆ, ಕಟ್ ಕಟ್ ಕಟ್ ಎಂದು. ಒಂದು ಸುತ್ತಿಗೆ ನೂರ ಇಪ್ಪತ್ತು ಕಟ್. ಮೂರು ಸಲ ಎಣಿಸಿದೆ. ಬಳೆಯ ಮೇಲೆ ಒಂದು ಚುಕ್ಕೆ. ನಿಮಿಷದ ಮುಳ್ಳಿನ ನೇರಕ್ಕೆ ಚುಕ್ಕೆ ತಂದಿಟ್ಟರೆ ಆಗಿನಿಂದ ಎಷ್ಟು ಹೊತ್ತಾಯಿತೆಂದು ತೋರಿಸುತ್ತದೆ. ನೀರೊಳಗೆ ಉಸಿರು ಎಷ್ಟು ಉಳಿದಿದೆ ಎಂದು ಲೆಕ್ಕ ಹಿಡಿಯಲಂತೆ. ಕೈ ತಾಗಿ ತಪ್ಪಿ ತಿರುಗಿದರೂ ಹೊತ್ತು ಹೆಚ್ಚಾಯಿತು ಎಂದೇ ತೋರಿಸುತ್ತದೆ, ಕಡಿಮೆಯಾಯಿತು ಎಂದು ಎಂದೂ ಹೇಳುವುದಿಲ್ಲ; ಮುಳುಗಿದವನು ಬೇಗ ಮೇಲೆ ಬರಲಿ ಎಂದು. ಇದನ್ನು ಯೋಚಿಸಿದವನಿಗೆ ಕರುಣೆಯಿದೆ.

ನಮ್ಮ ಮನೆಯಲ್ಲಿ ಮುಳುಗಲು ಏನೂ ಇಲ್ಲವಾದ್ದರಿಂದ ಅನ್ನಕ್ಕಿಟ್ಟೆ. ಪಂಪಮ್ಮ ಹೋದ ಮೇಲೆ ಮೊದಲ ಸಲ ಒಲೆ ಹಚ್ಚಿದ್ದು. ಹದಿನೆಂಟು ನಿಮಿಷಕ್ಕೆ ಗಂಜಿ. ಮಧ್ಯಾಹ್ನ ಮತ್ತೆ ಇಟ್ಟೆ, ನೀರು ಕಡಿಮೆ ಮಾಡಿ ಹದಿನಾಲ್ಕು. ತಳ ಹತ್ತಿತು. ಸಂಜೆ ಹದಿನಾರು. ಅನ್ನ! ಉಚ್ಚೆಂಗಮ್ಮನಿಗೆ ಒಂದು ತಟ್ಟೆ ಕೊಟ್ಟೆ. ಅವಳು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದು, "ಉಪ್ಪು ಮಾತ್ರ ವಾಚಿನಾಗ ಇಲ್ಲೇನ್ರೀ?" ಅಂದಳು.

ನವೆಂಬರ್ 20, ಗುರುವಾರ

ವಾಚು ಒಂದೇ ದಾರಿ ನೋಡಿ ಬೇಜಾರಾಗಿರಬಹುದೆಂದು ಹಂಪಿಗೆ ಬಸ್ಸು ಹತ್ತಿದೆ. ವಿರೂಪಾಕ್ಷನಿಗೆ ಕೈ ಮುಗಿದು ನದಿಯ ಮೆಟ್ಟಿಲಲ್ಲಿ ಕುಳಿತಿದ್ದೆ. ಕೆಂಪು ಮುಖದ ಪರದೇಶಿಯೊಬ್ಬ ಬಂದು ನನ್ನ ಬಲಗೈಯನ್ನೇ ನೋಡುತ್ತಾ ನಿಂತ. ಆಮೇಲೆ, "ಈಸ್ ಇಟ್ ಯುವರ್ಸ್?" ಅಂದ.

ನಲವತ್ತೈದು ವರ್ಷದ ಹಿಂದಿನ ಇಂಗ್ಲಿಷು ತಳದಿಂದ ಗುಳ್ಳೆ ಗುಳ್ಳೆಯಾಗಿ ಎದ್ದಿತು. "ಸರ್, ಐ ಯಾಮ್ ಓನ್ಲಿ ಆ್ಯಕ್ಟಿಂಗ್ ಇನ್‌ಚಾರ್ಜ್," ಅಂದೆ. "ಪರ್ಮನೆಂಟ್ ಇನ್‌ಕಂಬೆಂಟ್ ಈಸ್ ಇನ್ ಹಾಸ್ಪಿಟಲ್."

ಅವನು ಬಹಳ ಗಂಭೀರನಾಗಿ ತಲೆಯಾಡಿಸಿದ. ಸಮುದ್ರಕ್ಕೆ ಇಳಿಯುವುದೇ ಅವನ ಕೆಲಸವಂತೆ, ಹಡಗಿನ ತಳ ನೋಡುವುದು. ತನ್ನ ಕೈ ತೋರಿಸಿದ. ಕಪ್ಪು ಪ್ಲಾಸ್ಟಿಕ್ ವಾಚು, ಪಟ್ಟಿ ಹರಿದಿತ್ತು. ಇಂಥದ್ದನ್ನು ಕಟ್ಟಿಕೊಂಡು ನೀರಿಗೆ ಇಳಿದವನನ್ನು ನಾನು ಈ ತನಕ ನೋಡಿಲ್ಲ, ಎಲ್ಲರೂ ಕಟ್ಟಿಕೊಂಡು ಮದುವೆಗೆ ಹೋಗುತ್ತಾರೆ ಅಂದ. ನಾನು ಇಳಿಸಿದ್ದೇನೆ, ಎಲ್ಬೋ ತನಕ, ಅಂದೆ. ಅವನು ಎದ್ದು ನಿಂತು ನನ್ನ ಕೈ ಕುಲುಕಿದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಒಂದು ತಾಸು ಮಾತಾಡಿದೆವು. ಏನೆಂದು ಹೇಳಲಾರೆ, ಅರ್ಧ ನನಗೆ ತಿಳಿಯಲಿಲ್ಲ, ಉಳಿದರ್ಧ ಅವನಿಗೆ.

ನವೆಂಬರ್ 23, ಭಾನುವಾರ

ಕತ್ತಲೆಯಲ್ಲಿ ಅದರ ಮುಳ್ಳುಗಳು ಹೊಳೆಯುತ್ತವೆಯೆಂದು ಪರದೇಶಿ ಹೇಳಿದ್ದ. ರಾತ್ರಿ ನನಗೆ ಎಂಟಕ್ಕೇ ನಿದ್ದೆ. ಅದಕ್ಕೆ ಮಧ್ಯಾಹ್ನ ಎರಡಕ್ಕೆ ಕಂಬಳಿ ಹೊದ್ದು ಒಳಗೆ ಕುಳಿತೆ. ಹೌದು! ಹಸಿರು, ಮಿಣುಕು ಹುಳುವಿನ ಹಾಗೆ. ಆಹಾ ಎಂದೆ, ಎರಡು ಮೂರು ಸಲ. ಕಂಬಳಿ ತೆಗೆದರೆ ಎದುರಿಗೆ ಉಚ್ಚೆಂಗಮ್ಮ.

"ಬೆಕ್ಕು ಬಂದಿತ್ತೇನ್ರಿ?" ಅಂದಳು.

ಒಳಗೆ ಬಾ, ನೋಡು ಎಂದು ಕಂಬಳಿ ಎತ್ತಿದೆ. ಆಮೇಲೆ ಹೇಳಿದ್ದು ಸರಿಹೋಗಲಿಲ್ಲವೆಂದು ತಿಳಿದು ಕೈ ಮಾತ್ರ ಕಂಬಳಿಯೊಳಗಿಟ್ಟು ಹೊರಗಿನಿಂದ ಇಣುಕಿಸಿದೆ. "ಮಸ್ತ್ ಐತ್ರೀ," ಅಂದಳು. ಕೂಸನ್ನೂ ಎತ್ತಿಕೊಂಡು ಬಂದು ತೋರಿಸಿದಳು.

ನವೆಂಬರ್ 27, ಗುರುವಾರ

ಗುಡ್ಡಪ್ಪನ ಸಕ್ಕರೆ ಇಳಿದಿದೆ. ನಾಳೆ ಆಪರೇಷನ್ನು. ಬೆಳಿಗ್ಗೆ ಫೋನಿನಲ್ಲಿ "ನಡೀತೈತೇನೋ" ಎಂದ ಮೇಲೆ ಇಡಲೇ ಇಲ್ಲ. ಉಸಿರು ಕೇಳುತ್ತಿತ್ತು. "ಅಣ್ಣ, ವಾಚ್ ಫೋನಿಗೆ ಹಿಡಿ, ನಾ ಕೇಳತೀನಿ," ಅಂದ. ಫೋನಿನ ಬಾಯಿಗೆ ವಾಚು ಹಿಡಿದೆ. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿ ಮತ್ತೆ ಹಿಡಿದೆ.

ನಾಳೆ ಕಂಪ್ಲಿಯಲ್ಲಿ ಸುನಿತಾಳ ಮೈದುನನ ಮದುವೆಯೂ. ನಾನು ಬೀಗ, ಹೋಗದಿದ್ದರೆ ಮಗಳಿಗೆ ಮಾತು. ಮದುವೆಯ ಗದ್ದಲದಲ್ಲಿ ಎಂಟು ಲಕ್ಷದ ವಾಚು ಕಟ್ಟಿಕೊಂಡು ತಿರುಗುವುದೇ? ಯಾರಾದರೂ ಎಳೆದುಕೊಂಡು ಹೋದರೆ ಗುಡ್ಡಪ್ಪನ ಎದೆಯನ್ನೇ ಎಳೆದುಕೊಂಡು ಹೋದ ಹಾಗೆ. ಹೇಗೂ ಎರಡು ದಿನ ತಡೆಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಬೀಗ ಹಾಕಿದೆ. ಸಂಜೆಯ ಬಸ್ಸಿಗೆ ಹೊರಡುವುದು, ನಾಳೆ ಅಕ್ಷತೆ ಬಿದ್ದ ತಕ್ಷಣ ವಾಪಸು.

ನವೆಂಬರ್ 30, ಭಾನುವಾರ

ಸತ್ತೆ.

ಅಕ್ಷತೆಯಾದ ಮೇಲೆ ಹೊರಟಿದ್ದೆ. ಬೀಗರು ಚಪ್ಪಲಿ ಬಚ್ಚಿಟ್ಟರು. ಬೀಗರ ಊಟ ಮುಗಿಯದೆ ಬೀಗನನ್ನು ಕಳಿಸುವ ಪದ್ಧತಿ ಅವರಲ್ಲಿಲ್ಲ. ಅಷ್ಟರಲ್ಲಿ ಗಂಗಾಂಬಿಕಾಳ ಫೋನು ಬಂತು, ಆಪರೇಷನ್ ಚೆನ್ನಾಗಾಯಿತು, ಐಸಿಯುನಲ್ಲಿದ್ದಾರೆ ಎಂದು. ಮನಸ್ಸು ಹಗುರಾಯಿತು. ಶನಿವಾರ ನದಿಗೆ ಹೋದೆವು. ಇಸ್ಪೀಟಿನಲ್ಲಿ ಬೀಗರ ಅಣ್ಣನನ್ನು ಮೂರು ಸಲ ಸೋಲಿಸಿದೆ. ಹೋಳಿಗೆ, ಬಾಳೆಹಣ್ಣಿನ ಸೀಕರಣೆ. ಹುಡುಗಿಯರು ಹಾಡಿನಲ್ಲಿ ನನ್ನ ಹೆಸರು ಸೇರಿಸಿ ಬೈದರು, ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ, ಚಪ್ಪಾಳೆ. ಸುನಿತಾ ಮೂಲೆಯಲ್ಲಿ ನಿಂತು ನಗುತ್ತಾ ಕಣ್ಣೊರೆಸಿಕೊಂಡಳು, ಯಾಕೋ. ವಾಚಿನ ನೆನಪು ಬಂದದ್ದು ಇವತ್ತು ಸಂಜೆ ಬಸ್ಸು ಹೊಸಪೇಟೆ ನಿಲ್ದಾಣದೊಳಗೆ ತಿರುಗುವಾಗ.

ಅಕ್ಕಿಯಿಂದ ತೆಗೆದೆ. ನಾಲ್ಕು ಇಪ್ಪತ್ತು. ತಾರೀಖು ಇಪ್ಪತ್ತೊಂಬತ್ತು. ಸೆಕೆಂಡ್ ಮುಳ್ಳು ಏಳರ ಹತ್ತಿರ ನೇರ ನಿಂತಿದೆ, ಗೇಟು ಇಳಿಸಿದ ಕಾಲುವೆ.

ಗಂಗಾಂಬಿಕಾಳಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಆಫ್. ದೇವರ ಮುಂದೆ ಕುಳಿತೆ, ಎದ್ದೆ, ಅಂಗಳಕ್ಕೆ ಹೋದೆ. ಸೂಪರ್‌ಸ್ಟಿಷನ್, ಸೂಪರ್‌ಸ್ಟಿಷನ್ ಎಂದು ನೂರ ಎಂಟು ಸಲ ಜಪಿಸಿದೆ. ಏಳೂವರೆಗೆ ಅವಳೇ ಮಾಡಿದಳು.

"ಚಾರ್ಜ್ ಇರಲಿಲ್ಲ ಭಾವಾರ. ಇಲ್ಲಿ ನಿಮ್ಮ ತಮ್ಮ ಎಲ್ಲಾರ ಜೀವಾ ತಿನ್ನಾಕತ್ಯಾರ. ನಿನ್ನಿ ಸಂಜಿ ನಾಲ್ಕಕ್ಕ ಗಂಜಿ ಕೊಟ್ರು, ಉಪ್ಪಿಲ್ಲಂತ ಅರ್ಧ ತಾಸು ನರ್ಸಮ್ಮನ ಕೂಡ ಜಗಳ. ಐಸಿಯು ಅಂತ ಸೈತ ನೋಡಲಿಲ್ಲ."

ಶಿವನೇ.

ಡಿಸೆಂಬರ್ 1, ಸೋಮವಾರ

ಬೆಳಿಗ್ಗೆ ಮುಟ್ಟಬಾರದ ತಿರುಪನ್ನು ಬಿಚ್ಚಿ ರೇಡಿಯೋಗೆ ಸರಿ ಮಾಡಿದೆ. ಎರಡು ಸಲ ಅಲುಗಿಸಿದೊಡನೆ ಹರಿಯತೊಡಗಿತು.

ಏಳಕ್ಕೆ ಅವನ ಫೋನು, ಇಲಿಯ ಧ್ವನಿ. "ನಡೀತೈತೇನೋ ಅಣ್ಣ?"

"ನಡೀತೈತಿ."

"ನಿಂತಿಲ್ಲಲ್ಲ?"

"ಇಲ್ಲ."

ನಮ್ಮ ಆಫೀಸಿನಲ್ಲಿ ಯಲ್ಲೇಶ ಎಂಬವನಿದ್ದ. ಮಳೆ ಬಂದರೆ ಮನೆಯಲ್ಲೇ ಕುಳಿತು ನಿನ್ನೆಯ ಮಟ್ಟಕ್ಕೆ ಎರಡಿಂಚು ಕೂಡಿಸಿ ಬರೆಯುತ್ತಿದ್ದ. ನೋಡದ ನೀರನ್ನು ಬರೆದವನ ಜೊತೆ ನಾನು ಹತ್ತು ವರ್ಷ ಚಹಾ ಕುಡಿಯಲಿಲ್ಲ. ಇವತ್ತು ಚಹಾ ಮಾಡಿಕೊಂಡೆ, ಕುಡಿಯಲಾಗಲಿಲ್ಲ.

ಡಿಸೆಂಬರ್ 8, ಸೋಮವಾರ

ಗುಡ್ಡಪ್ಪ ಸಂಡೂರಿಗೆ ಬಂದನಂತೆ. ವಾಚು ಇನ್ನೂ ನಿನ್ನ ಹತ್ತಿರವೇ ಇರಲಿ, ನನ್ನ ಕೈಗೆ ಇನ್ನೂ ಬಲ ಬಂದಿಲ್ಲ ಅಂದ. ನಡೀತೈತಿ, ನಡೀತೈತಿ.

ಡಿಸೆಂಬರ್ 14, ಭಾನುವಾರ

ಗಂಗಾಂಬಿಕಾ ಅಡುಗೆಮನೆಯಿಂದ ಪಿಸುಮಾತಿನಲ್ಲಿ ಫೋನು ಮಾಡಿದಳು. ಡಾಕ್ಟರು ದಿನಾ ನಡೆಯಲೇಬೇಕು ಅಂದಿದ್ದಾರೆ. ಗುಡ್ಡಪ್ಪ ಮಂಚ ಬಿಟ್ಟು ಇಳಿಯುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತಿದೆ, ಹೀಗೇ ಬಿದ್ದಿದ್ದರೆ ನ್ಯುಮೋನಿಯಾಕ್ಕೆ ತಿರುಗುತ್ತದೆ, ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಎಂದು ನಿನ್ನೆ ಬೈದರಂತೆ.

"ಏನ್ ಹೇಳಿದ್ರೂ ಒಂದ ಮಾತು ಭಾವಾರ. ನನ್ನ ವಾಚ್ ನಡೀತೈತಿ, ಅಂದಾನಣ್ಣ ನಡಸಾಕತ್ಯಾನ, ಅದು ನಡಿಯೋತನಕ ನನಗೇನೂ ಆಗಂಗಿಲ್ಲ ಅಂತಾರ. ಅಕ್ಕನೂ ಇಲ್ಲ. ಇವರೂ ಹೋದ್ರ ನಾ ಯಾರ ಮುಂದ ಅಳಲಿ?"

ಫೋನು ಇಟ್ಟ ಮೇಲೆ ವಾಚು ನೋಡಿದೆ. ಎಷ್ಟು ಚಂದವಾಗಿ ಹರಿಯುತ್ತಿದೆ. ಅವನನ್ನು ಮಂಚಕ್ಕೆ ಕಟ್ಟಿ ಹಾಕಿರುವುದು ಇದಲ್ಲ, ನನ್ನ "ನಡೀತೈತಿ." ನಿಜ ಹೇಳಿದರೆ ಆ ಎದೆ ತಡೆಯುತ್ತದೋ ಇಲ್ಲವೋ. ಹೇಳದಿದ್ದರೆ ತಡೆಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ.

ಡಿಸೆಂಬರ್ 16, ಮಂಗಳವಾರ

ಸಂಡೂರಿಗೆ ಹೋಗಿ ಬಂದೆ. ಮೈಯೆಲ್ಲ ಕೆಂಪು ಧೂಳು. ಸ್ನಾನಕ್ಕೆ ಮುಂಚೆ ಬರೆಯುತ್ತಿದ್ದೇನೆ.

ಗುಡ್ಡಪ್ಪ ಪಡಸಾಲೆಯ ಮಂಚದಲ್ಲಿ ಮಲಗಿದ್ದ, ಅರ್ಧಕ್ಕರ್ಧ ಆಗಿದ್ದಾನೆ. ಕೆಮ್ಮುವಾಗ ಹೊಲಿಗೆ ನೋಯಬಾರದೆಂದು ಎದೆಗೆ ದಿಂಬು ಅಪ್ಪಿಕೊಳ್ಳಲು ಹೇಳಿದ್ದಾರಂತೆ. ಕೂಸನ್ನು ಅಪ್ಪಿದ ಹಾಗೆ ಅಪ್ಪಿಕೊಂಡಿದ್ದ. ನನ್ನ ಬಲಗೈ ನೋಡಿ ಮುಖ ಅರಳಿತು.

"ನೋಡು ಗಂಗೀ, ನನ್ನ ಜೀವ ಬಸ್ಸಿನಾಗ ಬಂತು. ಡಾಕ್ಟರ್‌ಗೆ ಏನ್ ತಿಳಿತೈತಿ. ನಾ ಯಾಕ ನಡೀಲಿ? ನನ್ನ ಬದ್ಲಿ ಅಣ್ಣ ನಡೀತಾನ. ಹೌದಿಲ್ಲೋ ಅಣ್ಣ?"

ಬಸ್ಸಿನಲ್ಲಿ ಒಂದು ವಾಕ್ಯ ಕಟ್ಟಿಕೊಂಡಿದ್ದೆ, ಐ ರಿಗ್ರೆಟ್ ಟು ಇನ್‌ಫಾರ್ಮ್ ಎಂದು ಶುರುವಾಗುವುದು. ಬಾಯಿಗೆ ಬಂದದ್ದು ಎರಡೇ ಮಾತು.

"ಗುಡ್ಡಪ್ಪ, ನಿಂತಿತ್ತು."

"ಏನು?"

"ವಾಚು. ನೀ ಐಸಿಯುನಾಗ ಇದ್ದಾಗ. ಒಂದ್ ದಿನದ ಮ್ಯಾಲೆ ನಿಂತಿತ್ತು. ನಾ ಸುಳ್ಳು ಹೇಳಿದೆ."

ಗಂಗಾಂಬಿಕಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಗಂಡನ ಮಗ್ಗುಲಿಗೆ ಬಂದಳು. ಗುಡ್ಡಪ್ಪ ನನ್ನನ್ನೇ ನೋಡಿದ. ಬಣ್ಣ ಹೋಯಿತು, ಬಂತು, ಮತ್ತೆ ಹೋಯಿತು. ಕೊಂದೆ ಅಂದುಕೊಂಡೆ.

"ನೀ ಎಲ್ಲಿ ಹೋಗಿದ್ದಿ?"

"ಕಂಪ್ಲಿಗೆ. ಬೀಗರ ಊಟಕ್ಕ."

"ನನ್ನ ಎದಿ ಸೀಳಿಟ್ಟಾಗ," ಎಂದವನ ಧ್ವನಿ ಒಂದೊಂದೇ ಮೆಟ್ಟಿಲು ಏರಿತು, "ನೀ ಕಂಪ್ಲಿಯಾಗ ಕುಂತು ಹೋಳಿಗಿ ಹೊಡ್ಯಾಕತ್ತಿದ್ದೇನಲೇ!"

ಎದ್ದ. ಎಡಗೈಯಲ್ಲಿ ದಿಂಬು ಎದೆಗೆ ಒತ್ತಿಕೊಂಡು, ಬಲಗೈಗೆ ಬಾಗಿಲ ಬಳಿಯ ಚಪ್ಪಲಿ ತೆಗೆದುಕೊಂಡು ನನ್ನ ಮೇಲೆ ಬಂದ. ಬೆನ್ನು ತಿರುಗಿಸಿ ಓಡಿದರೆ ರೋಗಿ ಬಿದ್ದರೆ ಹಿಡಿಯುವವರಾರು? ನಾನು ಹಿಂದು ಹಿಂದಕ್ಕೇ ನಡೆದೆ. ಅಂಗಳಕ್ಕೆ ಬಂದೆವು. ಅಲ್ಲಿ ಅವನ ಹಳೆಯ ಲಾರಿ ನಿಂತಿದೆ. ಅದನ್ನು ಸುತ್ತಿದೆ. ಅವನೂ ಸುತ್ತಿದ. ಅವನ ಓಟವೆಂದರೆ ಒಂದೊಂದು ಗೇಣು. ನನ್ನದೂ ಹಿಂದು ಮುಂದಾಗಿ ಅಷ್ಟೇ.

"ನಿಲ್ಲಲೇ! ಹಿರಿಯಾಂವ ಅಂತ ಅಣ್ಣ ಅಂದ್ನಿ ನಿನಗ!"

ನಿಂತು ಎರಡು ಏಟು ತಿಂದುಬಿಡೋಣ ಎಂದು ನಿಂತೆ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಗಂಗಾಂಬಿಕಾ ಕೂಗಿದಳು.

"ಭಾವಾರ, ನಿಲ್ಲಬ್ಯಾಡ್ರಿ! ಇನ್ನೊಂದು ಸುತ್ತು!"

ಎರಡನೆಯ ಸುತ್ತು ಮುಗಿಯುವಾಗ ಅವನಿಗೆ ಕೆಮ್ಮು ಬಂತು. ದಿಂಬು ಅಪ್ಪಿಕೊಂಡು, ಲಾರಿಯ ಟೈರಿಗೆ ಕೈ ಕೊಟ್ಟು, ವಾರದಿಂದ ಕಟ್ಟಿದ್ದನ್ನೆಲ್ಲ ಕೆಮ್ಮಿ ಉಗುಳಿದ. ಬಿದ್ದಿದ್ದ ಹಳೆಯ ಟೈರೊಂದರ ಮೇಲೆ ಕುಳಿತ. ಮುಖ ಕೆಂಪಾಗಿತ್ತು. ನಾನು ನೀರು ತಂದುಕೊಟ್ಟೆ, ಚಪ್ಪಲಿ ತಾಗದಷ್ಟು ದೂರದಿಂದ.

"ಎಷ್ಟಕ್ಕ ನಿಂತಿತ್ತು?"

"ಇಪ್ಪತ್ತೊಂಬತ್ತಕ್ಕ. ನಾಲ್ಕು ಇಪ್ಪತ್ತಕ್ಕ."

"ಗಂಗೀ, ಆವಾಗ ನಾ ಏನ್ ಮಾಡಾಕತ್ತಿದ್ನಿ?"

"ಉಪ್ಪಿಲ್ಲಂತ ನರ್ಸಮ್ಮನ್ನ ಬಯ್ಯಾಕತ್ತಿದ್ರಿ."

"ಭಾಳ ಬೈದ್ನೇನು?"

"ಕೆಳಗ ಮೆಡಿಕಲ್ ಶಾಪಿನವರಿಗೆ ಕೇಳಿಸಿತ್ತು."

ಗುಡ್ಡಪ್ಪ ಯೋಚಿಸಿದ. ಲಾರಿಯನ್ನು ನೋಡಿದ, ಮನೆಯ ಬಾಗಿಲನ್ನು ನೋಡಿದ, ಅಲ್ಲಿಂದ ಇಲ್ಲಿಗೆ ತಾನೇ ಬಂದ ದಾರಿಯನ್ನು ನೋಡಿದ. ನಗು ಮೊದಲು ಹೊಟ್ಟೆಗೆ ಬಂತು, ಆಮೇಲೆ ದಿಂಬಿಗೆ. "ನಗಸಬ್ಯಾಡ್ರಲೇ, ಹೊಲಿಗಿ ಬಿಚ್ಚತಾವ," ಎನ್ನುತ್ತಾ ಅವನೊಬ್ಬನೇ ನಕ್ಕ. ಗಂಗಾಂಬಿಕಾ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಕೊಡು ಇಲ್ಲಿ," ಎಂದು ಕೈ ಚಾಚಿದ. ಬಿಚ್ಚಿ ಕೊಟ್ಟೆ. ಕೊಂಡಿ ಬಿಗಿಯಾಗಿತ್ತು, ಸ್ವಲ್ಪ ತಡವಾಯಿತು, ಬೇರೇನಿಲ್ಲ. ತೊಟ್ಟುಕೊಂಡ. ಮೊಣಕೈ ತನಕ ಜಾರಿತು.

"ಇನ್ನ ನಾನ ಆಡಸ್ತೀನಿ," ಅಂದ. "ನಿನಗ ಇನ್ನೂ ಹೊಡದಿಲ್ಲ, ನೆನಪಿರಲಿ. ಎರಡು ಸುತ್ತಿನಾಗ ಸಿಗಲಿಲ್ಲ ನೀ."

ಡಿಸೆಂಬರ್ 17, ಬುಧವಾರ

ಐದೂಮುಕ್ಕಾಲಿಗೆ ಫೋನು.

"ಲಾರಿ ಹತ್ರ ಬಂದು ನಿಂತೀನಿ. ಚಪ್ಪಲಿ ಕೈಯಾಗ ಐತಿ. ನೀ ಎಲ್ಲದಿ?"

ಇನ್ನೂ ಚಹಾ ಕುಡಿದಿಲ್ಲ ಅಂದೆ.

"ಇಲ್ಲಿ ಕುಡೀವಂತಿ. ಜಲ್ದಿ ಬಾರೋ ಅಣ್ಣ, ಒಬ್ಬನ ಎಷ್ಟಂತ ಸುತ್ತಲಿ?"

ಆರೂ ಇಪ್ಪತ್ತಕ್ಕೆ ಸಂಡೂರು ಬಸ್ಸು. ಷರಾ ಬರೆಯಲು ಹೊತ್ತಿಲ್ಲ.